ಗೋಡೆಯಡಿಗೆ ಬಿದ್ದ ಗಾರೆ

ಸಂಸ್ಕೃತದ ‘ಸುಧಾ’ ಶಬ್ದಕ್ಕೆ ಅಮೃತವೆಂಬುದು ಒಂದರ್ಥ, ಸುಣ್ಣವೆಂಬುದು ಇನ್ನೊಂದರ್ಥ. ಸುಧೆಯಿಂದ ಲೇಪಿಸಲ್ಪಟ್ಟುದು ಯಾವುದೋ ಅದೇ ಸೌಧ. ಕಲ್ಲು, ಇಟ್ಟಿಗೆ, ಮರಮುಟ್ಟುಗಳೆಲ್ಲ ಇದ್ದರೂ ಗೋಡೆಯ ಮೈಗೆ ಮೆತ್ತಿದ ತೆಳುವಾದ ಪದರವೊಂದು ಇಡೀ ಕಟ್ಟಡಕ್ಕೆ ಹೆಸರನ್ನು ಕೊಟ್ಟಿತೆಂಬುದು ವಿಚಾರಾರ್ಹವಾದ ಸಂಗತಿ. ಬೆಂಗಳೂರಿನ ವಿಧಾನಸೌಧದ ಹೊರಮೈ ಶಿಲಾಮಯವಾದುದರಿಂದ ವೈಯಾಕರಣನು ಅದರ ಮುಂದೆ ನಿಂತು ತುಸು ತಡವರಿಸಬೇಕಾದೀತು. ಇರಲಿ, ವ್ಯುತ್ಪತ್ತಿಗಿಂತ ರೂಢಿಯೇ ಬಲಿಷ್ಠ. ಕನ್ನಡದಲ್ಲಿಯೂ ಈ ಕೆಲಸಕ್ಕೆ ಶಬ್ದದಾರಿದ್ರ್ಯವಿಲ್ಲ. ಹೆಣ್ಣುಮಕ್ಕಳು ಸೆಗಣಿ ಕೆಮ್ಮಣ್ಣುಗಳಿಂದ ಮಾಡುವುದು ಸಾರಣೆ. ಸುಣ್ಣ ಮರಳುಗಳನ್ನು ಅರೆದು ಮಾಡಿದುದು ಗಾರೆ. ಉತ್ತರದ ಸೀಮೆಯವರ ಬಾಯಲ್ಲಿ ಅದು ಗಿಲಾವು. ಪ್ಲಾಸ್ಟರು ಎಂಬ ಶಬ್ದ ಬಂದ ಮೇಲೆ ಇವೆಲ್ಲವೂ ಹಿಂದೆ ಸರಿದವು. ಶಬ್ದ ಹೋದರೆ ಹೋಗಲಿ, ಅದರ ಬೆನ್ನಿಗೆ ಪದಾರ್ಥದ ಮೇಲಣ ಗೌರವವೂ ಹೋಯಿತೆಂಬುದೇ ಶೋಚನೀಯ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಚರಿಸಿದವರಿಗೆ ಗೋಡೆಯ ಚರಿತ್ರೆ ಕಣ್ಣಿಗೆ ಕಟ್ಟುತ್ತದೆ. ಜಗಳೂರಿನ ಬಯಲಿನಲ್ಲಿ ಮಳೆ ಕಡಿಮೆ. ಅಲ್ಲಿ ಮಣ್ಣಿನ ಮಾಳಿಗೆಯ ಮನೆಗಳು, ದಪ್ಪನೆಯ ಗೋಡೆಗಳು, ಮಳೆಗಾಲಕ್ಕೆ ಮುನ್ನ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕಿ ತುಳಿಯುವ ಪದ್ಧತಿ. ನ್ಯಾಮತಿಯಿಂದ ಪಡುವಣಕ್ಕೆ ಹೋದಂತೆ ಮಲೆನಾಡಿನ ಗಾಳಿ ಬೀಸುತ್ತದೆ. ಇಳಿಜಾರು ಹೆಂಚಿನ ಮಾಡು, ಜಗಲಿ, ಕೆಮ್ಮಣ್ಣಿನ ಪಟ್ಟೆ. ಹೊನ್ನಾಳಿಗೆ ತುಂಗಭದ್ರೆಯೇ ಮರಳಿನ ಕಣಜ. ಚನ್ನಗಿರಿಯ ಸೀಮೆಯಲ್ಲಿ ಅಡಕೆಯ ತೋಟಗಳು ಹಬ್ಬಿದಂತೆ ಮನೆಗಳೂ ಎತ್ತರವಾದವು. ಅದೇ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಣಿಯ ನಡುವೆ ಪಾಳೆಯಗಾರರ ಕಾಲದ ಮಂಟಪವು ಇಂದಿಗೂ ನೀರಿನಲ್ಲಿ ತನ್ನ ನೆರಳನ್ನು ನೋಡಿಕೊಳ್ಳುತ್ತ ನಿಂತಿದೆ. ಸುತ್ತಲೂ ನೀರು, ಮೇಲೆ ಬಿಸಿಲು, ವರ್ಷಕ್ಕೊಮ್ಮೆ ಮಳೆ. ಆದರೂ ಅದು ನಿಂತಿದೆ. ಅದೇ ಊರಿನಲ್ಲಿ ಹತ್ತು ವರ್ಷ ತುಂಬದ ಮನೆಯ ಗೋಡೆ ಹೊಪ್ಪಳೆಯೆದ್ದು ಉದುರುವುದುಂಟು. ನೋಡಿದವರು ನೋಡಿ ಸುಮ್ಮನಾಗುತ್ತಾರೆ.

ಸುಮ್ಮನಾಗದವರು ಒಬ್ಬರಿದ್ದರು. ನ್ಯಾಮತಿಯ ಕಡೆಯ ಸಣ್ಣ ಹಳ್ಳಿಯೊಂದರ ಗಾರೆ ಮೇಸ್ತ್ರಿ ಅವರು. ಎಪ್ಪತ್ತು ದಾಟಿದ ವೃದ್ಧರು. ಹುಟ್ಟಿದಾಗ ಅವರದು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು, ಆ ಬಳಿಕ ನ್ಯಾಮತಿಯೇ ತಾಲ್ಲೂಕಾಯಿತು. ಮನೆಯ ಹೊಸ್ತಿಲು ದಾಟದೆಯೇ ತಾವು ಎರಡು ಸಲ ವಲಸೆ ಹೋದವರೆಂದು ಅವರು ನಗುತ್ತಿದ್ದರು. ಅಕ್ಷರಾಭ್ಯಾಸ ನಾಲ್ಕನೆಯ ತರಗತಿಗೆ ನಿಂತಿತ್ತು. ಆದರೆ ತೂಗುಗುಂಡು, ರಸಮಟ್ಟ, ಮೂಲೆಮಟ್ಟಗಳ ವಿದ್ಯೆಯನ್ನು ಅವರು ತಂದೆಯ ಬಳಿ ಕಲಿತಿದ್ದರು. ಅದು ಗುರುಮುಖೇನ ಬಂದ ವಿದ್ಯೆ.

ಅವರ ತಂದೆಯ ಕಾಲದ ಕ್ರಮವನ್ನು ಕೇಳುವುದೇ ಒಂದು ಸೊಗಸು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು ತಂದು ಗುಂಡಿಯ ನೀರಿಗೆ ಹಾಕಿದರೆ ಅದು ಭುಸುಗುಟ್ಟಿ ಕುದಿದು ಅರಳುತ್ತಿತ್ತು. ಅರಳಿದ ಸುಣ್ಣವನ್ನು ನೀರಿನಡಿಯಲ್ಲಿಯೇ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಡುತ್ತಿದ್ದರು, ಹಳತಾದಷ್ಟೂ ಬೆಣ್ಣೆಯಂತಾಗುವುದು. ಆಮೇಲೆ ವೃತ್ತಾಕಾರದ ಕಾಲುವೆಯಂತಿದ್ದ ಗಾರೆಯ ಗಾಣದಲ್ಲಿ ಮರಳಿನೊಡನೆ ಹಾಕಿ, ಎತ್ತು ಕಟ್ಟಿ, ಕಲ್ಲಿನ ಗಾಲಿಯನ್ನು ಸುತ್ತಿಸಿ ಅರೆಯುವುದು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನು ಕೂಡಿಸುವುದುಂಟು. ಇಟ್ಟಿಗೆಯ ಪುಡಿ ಸೇರಿದರೆ ಅದು ಸುರ್ಕಿ. ಆ ಸುರ್ಕಿಯಿಂದಲೇ ಕನ್ನಂಬಾಡಿಯ ಕಟ್ಟೆ ಎದ್ದು ನಿಂತಿತೆಂಬುದನ್ನು ಯಾರೂ ಮರೆಯಲಾಗದು. ಇದು ಕೇವಲ ಕೂಲಿಯವರ ಕೈಚಳಕವೆಂದು ತಿಳಿಯಬಾರದು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಬೇಲದ ಎಳಗಾಯಿ, ಬೂರುಗದ ಹೂವು ಮೊದಲಾದವನ್ನು ಒಂದು ದ್ರೋಣ ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಭಾಗಕ್ಕೆ ಇಳಿಸಬೇಕೆಂದು ವಿಧಿಸಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಲೇಪದ ವಿಚಾರವಿದೆ. ಗೋಡೆಯ ಲೇಪದ ಬಗೆಗೆ ಚಕ್ರವರ್ತಿಯೊಬ್ಬನು ತಲೆ ಕೆಡಿಸಿಕೊಂಡ ನಾಡು ಇದು.

ಪ್ರಕೃತಕ್ಕೆ ಮುಖ್ಯವಾದ ಮಾತು ಬೇರೆ. ಸುಣ್ಣದ ಗಾರೆ ತಾಳ್ಮೆಯುಳ್ಳದ್ದು. ಸಂಜೆ ಮಿಕ್ಕ ಗಾರೆಯನ್ನು ಒದ್ದೆಯ ಗೋಣಿಯಿಂದ ಮುಚ್ಚಿಟ್ಟರೆ ಬೆಳಗ್ಗೆ ಮತ್ತೆ ಅರೆದು ಬಳಸಬಹುದು. ಆದುದರಿಂದ ಅಂದಿನವರಿಗೆ ‘ಗಾರೆಯ ಕಸ’ ಎಂಬ ಮಾತೇ ಅಪರಿಚಿತ. ಸಿಮೆಂಟು ಹಾಗಲ್ಲ, ನೀರು ಸೋಕಿತೆಂದರೆ ಗಡಿಯಾರ ಓಡತೊಡಗಿತು. ಅರ್ಧ ಗಂಟೆ ಕಳೆಯಿತೆಂದರೆ ಅದು ಬಿಗಿಯಲು ಹವಣಿಸುತ್ತದೆ. ಒಂದೆರಡು ಗಂಟೆಯಲ್ಲಿ ಬಳಸಿ ಮುಗಿಸದ ಕಲಸು ನಿರುಪಯೋಗಿ. ಬಿಗಿದುದಕ್ಕೆ ಮತ್ತೆ ನೀರು ಹಾಕಿ ಕಲಸಿ ಗೋಡೆಗೆ ಬಳಿಯುವವರಿದ್ದಾರೆ. ಅದು ಕಣ್ಣಿಗೆ ಗೋಡೆ, ಕೈಗೆ ಹುಡಿ.

ಒಂದು ಕಾಲದಲ್ಲಿ ಈ ಸಿಮೆಂಟನ್ನೂ ಯಾರೂ ಪೋಲು ಮಾಡುತ್ತಿರಲಿಲ್ಲ. ಪರ್ಮಿಟ್ಟಿಗಾಗಿ ಕಛೇರಿಯ ಬಾಗಿಲಲ್ಲಿ ಕಾದು ನಾಲ್ಕು ಮೂಟೆ ತಂದವನು ಅದನ್ನು ಕುಂಕುಮದಂತೆ ಬಳಸುತ್ತಿದ್ದನು. 1982ರಲ್ಲಿ ನಿಯಂತ್ರಣ ಭಾಗಶಃ ಸಡಿಲಿತು, 1989ರಲ್ಲಿ ಪೂರ್ಣವಾಗಿ ಹೋಯಿತು. ನಿಯಂತ್ರಣ ಹೋದುದು ಜನಕ್ಕೆ ಅನುಕೂಲವೇ ಸರಿ; ಅದರೊಡನೆ ಕೈಯ ಹಿಡಿತವೂ ಹೋದುದು ಅನುಕೂಲವಲ್ಲ.

ಈ ಮೇಸ್ತ್ರಿಯವರನ್ನು ಶಾಲೆಯೊಂದರ ಕಟ್ಟಡ ಸಮಿತಿಯವರು ಕರೆಸಿದ ಸಂದರ್ಭವನ್ನು ಇಲ್ಲಿ ಹೇಳಬೇಕಾಗಿದೆ. ಶಾಲೆಯ ಹೆಸರು ಅಪ್ರಸ್ತುತ; ಇಂಥ ಶಾಲೆಗಳು ನಾಲ್ಕೂ ತಾಲ್ಲೂಕುಗಳಲ್ಲಿವೆ. ಮನೆಮನೆಯ ಹಿಡಿಧಾನ್ಯದಿಂದ ಹಾಸ್ಟೆಲು ನಡೆಸಿ, ರೈತರು ಕೊಟ್ಟ ಮರದಿಂದ ತೊಲೆ ಹಾಕಿ, ಊರವರೇ ಹೊತ್ತ ಕಲ್ಲಿನಿಂದ ಎದ್ದ ಕಟ್ಟಡ ಅದು. ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆಯ ಗೋಡೆ, ಅದಕ್ಕೆ ಸುಣ್ಣದ ಗಾರೆ. ಕೆಲವು ವರ್ಷಗಳ ಹಿಂದೆ ‘ಜೀರ್ಣೋದ್ಧಾರ’ವೆಂದು ಆ ಸುಣ್ಣದ ಗಾರೆಯನ್ನೆಲ್ಲ ಕೆತ್ತಿ ತೆಗೆಸಿ ಸಿಮೆಂಟು ಬಳಿಸಲಾಗಿತ್ತು. ಕೆತ್ತಿದ ರಾಶಿಯನ್ನು ಎಲ್ಲಿಗೆ ಸಾಗಿಸುವುದು? ಅಂಗಳದ ಮೂಲೆಯಲ್ಲಿ ಬಳಕೆ ನಿಂತ ಹಳೆಯ ಬಾವಿಯೊಂದಿತ್ತು. ಕೊಳವೆಬಾವಿ ಬಂದಿತ್ತು, ಮಕ್ಕಳು ಬೀಳುವ ಭಯವೂ ಇತ್ತು. ರಾಶಿ ಬಾವಿಗೆ ಹೋಯಿತು. ಒಂದೇ ಏಟಿಗೆ ಎರಡು ತೊಂದರೆ ನೀಗಿದುವೆಂದು ಎಲ್ಲರೂ ಸಂತೋಷಪಟ್ಟರು.

ಎರಡು ಮಳೆಗಾಲ ಕಳೆಯಿತು. ನೆಲದಿಂದ ಎದೆಮಟ್ಟದವರೆಗೆ ಹೊಸ ಸಿಮೆಂಟು ಉಬ್ಬಿ, ಬಿಳಿಯ ಉಪ್ಪು ಕಾರಿ, ಹಲಗೆ ಹಲಗೆಯಾಗಿ ಬೀಳತೊಡಗಿತು. ಮತ್ತೆ ಬಳಿಸಿದರು, ಮತ್ತೆ ಬಿತ್ತು. ಕಾರಣ ನಿಗೂಢವೇನಲ್ಲ. ಮಣ್ಣಿನ ಗೋಡೆ ನೆಲದ ತೇವವನ್ನು ಹೀರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಟ್ಟುಕೊಡುತ್ತದೆ. ಸಿಮೆಂಟು ಬಿಡುವುದಿಲ್ಲ. ಒಳಗೆ ಸಿಕ್ಕಿಬಿದ್ದ ನೀರು ಲವಣಗಳನ್ನು ಹೊತ್ತು ಮೇಲೇರಿ, ಒಣಗಿದಲ್ಲಿ ಹರಳುಗಟ್ಟಿ, ಪದರವನ್ನು ಹಿಂದಿನಿಂದ ನೂಕುತ್ತದೆ. ಮೇಸ್ತ್ರಿಯವರು ಅಷ್ಟು ದೂರ ಹೋಗಲಿಲ್ಲ. ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿ, “ಉಣ್ಣೆಯ ಕಂಬಳಿ ಹೊದ್ದವನ ಮೇಲೆ ತಗಡು ಹೊದಿಸಿದ್ದೀರಿ, ಬೆವರು ಎಲ್ಲಿಗೆ ಹೋಗಬೇಕು?” ಎಂದರು. ಮೂರನೆಯ ಸಲದ ಸಿಮೆಂಟಿಗೆ ಚಂದಾ ಎತ್ತಲು ಹೊರಟಿದ್ದ ಸಮಿತಿಯವರು ಪಟ್ಟಿಯನ್ನು ಮಡಚಿಟ್ಟರು.

ಅದೇ ವರ್ಷ ಹೊಸ ಕೊಠಡಿಗಳ ಕೆಲಸವೂ ಆರಂಭವಾಗಿತ್ತು. ಹಳೆಯ ವಿದ್ಯಾರ್ಥಿಗಳು ಯಥಾಶಕ್ತಿ ಮೂಟೆಗಳನ್ನು ಕಳುಹಿಸಿದ್ದರು. ಯಾರ ಮನೆಯಿಂದ ಎಷ್ಟು ಬಂದಿತೆಂಬ ಪುಸ್ತಕವನ್ನು ಮುಖ್ಯೋಪಾಧ್ಯಾಯರು ಸ್ವಹಸ್ತದಿಂದ ಬರೆದಿಡುತ್ತಿದ್ದರು. ಒಂದು ದಿನ ಮೇಸ್ತ್ರಿಯವರು ಆ ಪುಸ್ತಕವನ್ನು ತರಿಸಿ, ಗಿಲಾವಿನ ಕೆಲಸ ನಡೆಯುತ್ತಿದ್ದ ಗೋಡೆಯ ಬುಡಕ್ಕೆ ಅವರನ್ನು ಕರೆದೊಯ್ದು, ಅಲ್ಲಿ ಬಿದ್ದು ಮಣ್ಣಿನಲ್ಲಿ ಕಲೆತು ಕಲ್ಲಾಗುತ್ತಿದ್ದ ಗಾರೆಯನ್ನು ತೋರಿಸಿ, ಇದು ಯಾರ ಮನೆಯ ಮೂಟೆ ಎಂದು ಕೇಳಿದರಂತೆ. ಮುಖ್ಯೋಪಾಧ್ಯಾಯರು ಉತ್ತರಿಸಲಿಲ್ಲ. ಮಾರನೆಯ ದಿನದಿಂದ ಅವರು ಬೆಳಗ್ಗೆ ಪ್ರಾರ್ಥನೆಗೆ ಮುನ್ನ ಗೋಡೆಯ ಬುಡವನ್ನು ನೋಡಿ ಬರುವ ವಾಡಿಕೆಯಿಟ್ಟುಕೊಂಡರು.

ಲೆಕ್ಕ ಸರಳವಾದುದು, ಶಾಲೆಯ ಹುಡುಗರೂ ಮಾಡಬಲ್ಲರು. ಒಳಗೋಡೆಗೆ 12 ಮಿಲಿಮೀಟರು ದಪ್ಪದ ಗಿಲಾವು ಸಾಕೆಂಬುದು ಸಾಮಾನ್ಯ ಕ್ರಮ. ಇಟ್ಟಿಗೆಯನ್ನು ಓರೆಯಾಗಿ ಕಟ್ಟಿ, ಆ ಡೊಂಕನ್ನು ಗಿಲಾವಿನಿಂದ ತಿದ್ದಹೊರಟರೆ ದಪ್ಪವು 20 ಮಿಲಿಮೀಟರಿಗೆ ಏರುವುದು ಕಷ್ಟವೇನಲ್ಲ. 100 ಚದರ ಮೀಟರು ಗೋಡೆ, ಎಂದರೆ ಹೆಚ್ಚುಕಡಿಮೆ ಒಂದು ದೊಡ್ಡ ತರಗತಿಯ ಒಳಮೈ, ಎಂದಿಟ್ಟುಕೊಂಡರೆ 12 ಮಿಲಿಮೀಟರಿಗೆ 1.2 ಘನಮೀಟರು ಗಾರೆ ಬೇಕು. 20ಕ್ಕೆ 2 ಘನಮೀಟರು. ವ್ಯತ್ಯಾಸ 0.8. ಒಂದಕ್ಕೆ ಆರು ಪಾಲಿನ ಕಲಸಿನಲ್ಲಿ ಘನಮೀಟರಿಗೆ ಸುಮಾರು 5 ಮೂಟೆ ಸಿಮೆಂಟು ಹಿಡಿಯುವುದರಿಂದ, ಒಂದು ಕೊಠಡಿಯ ಡೊಂಕು ಮುಚ್ಚಲು 4 ಮೂಟೆ ಹೋಯಿತು. ಅದು ಕಸವೆಂದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಗೋಡೆಯ ಮೇಲೆಯೇ ಇರುತ್ತದೆ. ನೆಲಕ್ಕೆ ಬಿದ್ದುದು ಇದಕ್ಕೆ ಹೊರತು. ವಿದ್ಯುತ್ತಿನ ಕೊಳವೆಗಾಗಿ ಹೊಸ ಗಿಲಾವನ್ನೇ ಅಗೆದು ಮತ್ತೆ ಮೆತ್ತುವುದಂತೂ ಇನ್ನೂ ಹೊರತು. ವಿದ್ಯುತ್ತಿನವನು ಗಾರೆಯವನಿಗಿಂತ ಮೊದಲು ಬರಬೇಕೆಂಬ ಈ ಸಣ್ಣ ವಿವೇಕಕ್ಕೆ ನಮ್ಮ ಊರುಗಳಲ್ಲಿ ಏಕೆ ಇಷ್ಟು ಬರಗಾಲವೋ ತಿಳಿಯದು.

ಮೇಸ್ತ್ರಿಯವರ ಉಪಾಯಗಳಲ್ಲಿ ಯಾವುದೂ ಅದ್ಭುತವಲ್ಲ. ಗೋಡೆ ಕಟ್ಟುವವನ ಹಿಂದೆ ನಿಂತು ದಾರ ಹಿಡಿಯುವುದು. ಡೊಂಕಾದ ವರಸೆಯನ್ನು ಆಗಲೇ ಬಿಚ್ಚಿಸುವುದು. ಒಮ್ಮೆಗೆ ಅರ್ಧ ಮೂಟೆಗೆ ಮೀರಿ ಕಲಸಗೊಡದಿರುವುದು. ಊಟದ ಗಂಟೆಗೆ ಮುನ್ನ ಕಲಸನ್ನು ನಿಲ್ಲಿಸುವುದು. ಬಾಂಡಲಿಯನ್ನು ಮಣ್ಣಿನ ಮೇಲಲ್ಲ, ತಗಡಿನ ಮೇಲೆ ಕಲಸಿಸುವುದು. ಮೊದಲೇ ಗೋಡೆಯನ್ನು ನೆನೆಸುವುದು, ಇಲ್ಲವಾದರೆ ಒಣ ಇಟ್ಟಿಗೆ ನೀರನ್ನು ಕುಡಿದು ಗಾರೆಯನ್ನು ಉದುರಿಸುತ್ತದೆ. ಗೋಡೆಯ ಬುಡಕ್ಕೆ ಉದ್ದಕ್ಕೂ ಹಲಗೆ ಹಾಸಿ, ಬಿದ್ದುದನ್ನು ಬಿದ್ದ ಗಳಿಗೆಯಲ್ಲಿಯೇ ಎತ್ತಿ ಬಳಸುವುದು. ಹುಡುಗ ಕೆಲಸಗಾರರಿಗೆ ಇದು ಕಿರಿಕಿರಿ. ದಿನಕ್ಕೆ ಇಷ್ಟು ಚದರವೆಂದು ಗುತ್ತಿಗೆ ಹಿಡಿದವರು ಅವರು. ಬಿದ್ದುದನ್ನು ಬಾಗಿ ಎತ್ತುವ ಹೊತ್ತಿಗೆ ಅವರಿಗೆ ಕೂಲಿ ಇಲ್ಲ. ದೋಷ ಅವರದಲ್ಲ, ಅಳತೆಯ ಕ್ರಮದ್ದು. ಸಮಿತಿಯವರು ಚದರದ ಗುತ್ತಿಗೆಯನ್ನು ಬಿಟ್ಟು ದಿನಗೂಲಿಗೆ ಒಪ್ಪಿದ ಮೇಲೆಯೇ ಹಲಗೆಗೆ ಅರ್ಥ ಬಂದಿತು.

ಒಂದೆರಡು ಮೂಟೆಗೆ ಇಷ್ಟೇಕೆ ಎಂದು ಕೇಳುವವರುಂಟು. ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ ಸುಣ್ಣ 56 ಕಿಲೋ ಉಳಿದು 44 ಕಿಲೋ ಇಂಗಾಲಾಮ್ಲ ವಾಯುವಾಗಿ ಆಕಾಶಕ್ಕೇರುತ್ತದೆ. ಇದು ರಸಾಯನಶಾಸ್ತ್ರದ ನಿಯಮ. ಯಾವ ಭಟ್ಟಿಯೂ ಇದನ್ನು ತಪ್ಪಿಸಲಾರದು. ಸುಣ್ಣದ ಭಟ್ಟಿಗೆ ಸುಮಾರು 900 ಡಿಗ್ರಿಯ ಕಾವು ಸಾಕು; ಸಿಮೆಂಟಿಗೆ 1450ರಷ್ಟು ಬೇಕು, ಅದರ ಇಂಧನದ ಹೊಗೆ ಬೇರೆ. ಗೋಡೆಗೆ ಬಳಿದ ಸುಣ್ಣ ತಾನು ಬಿಟ್ಟ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಮರಳಿ ಹೀರಿ ಕಲ್ಲಾಗುತ್ತದೆಂಬುದು ಅದರ ಹಿರಿಮೆ. ಒಂದು ಟನ್ನು ಸಿಮೆಂಟಿನ ಹಿಂದೆ ಅರ್ಧ ಟನ್ನಿಗೂ ಮೀರಿ ಈ ವಾಯು ಇರುವುದರಿಂದ, ಜಗತ್ತಿನ ಒಟ್ಟು ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೆಂದು ಬಲ್ಲವರು ಎಣಿಸಿದ್ದಾರೆ. ಜಗಳೂರಿನ ರೈತ ಮುಗಿಲು ನೋಡುತ್ತ ಕೂತಾಗ ಗೋಡೆಯ ಬುಡದ ಗಾರೆ ಅವನ ನೆನಪಿಗೆ ಬರಲಾರದು. ಸಂಬಂಧವಿಲ್ಲವೆಂದು ಹೇಳುವಂತೆಯೂ ಇಲ್ಲ. ಮರಳಿನದು ಕಣ್ಣೆದುರಿನ ಮಾತು. ಹೊನ್ನಾಳಿಯ ಬಳಿ ಹೊಳೆಯ ಮರಳು ತೆಗೆದಷ್ಟೂ ಪಾತ್ರ ಆಳವಾಗಿ, ದಡದ ಬಾವಿಗಳ ನೀರು ಕೆಳಗಿಳಿಯುತ್ತದೆ. ಹೊಳೆಯ ಮರಳಿಗೆ ಬದಲಾಗಿ ಬಂಡೆಯನ್ನು ಪುಡಿಮಾಡಿದ ಮರಳು ಬಂದಿದೆ. ಆಗ ಹೊಳೆಗೆ ಬದಲು ಗುಡ್ಡ ಕರಗುತ್ತದೆ, ಅಷ್ಟೆ.

ಬಿಸಾಡಿದ ಗಾರೆಯೂ ಸುಮ್ಮನಿರುವ ವಸ್ತುವಲ್ಲ. ಹಸಿಯ ಸಿಮೆಂಟಿನ ನೀರು ತೀಕ್ಷ್ಣಕ್ಷಾರ. ಕೆಲಸಗಾರರ ಬೆರಳುಗಳನ್ನು ನೋಡಿದವರು ಬಲ್ಲರು. ಸಣ್ಣ ಹಳ್ಳಕ್ಕೆ ತೊಳೆದು ಬಿಟ್ಟರೆ ಮೀನು ಉಳಿಯದು. ಗಟ್ಟಿಯಾದುದು ಚರಂಡಿಯನ್ನೂ ಕೆರೆಯ ಕಾಲುವೆಯನ್ನೂ ಕಟ್ಟುತ್ತದೆ. ಇತ್ತೀಚೆಗೆ ಕಲ್ಯಾಣಮಂಟಪಗಳ ಮಾಡಿಗೆ ಜಿಪ್ಸಮ್ಮಿನ ಅಲಂಕಾರ ಬಂದಿದೆ. ನೀರುಣಿಸಬೇಕಿಲ್ಲ, ಬೇಗ ಬಿಗಿಯುತ್ತದೆಂಬ ಸೌಕರ್ಯ ನಿಜ. ಆದರೆ ಅದರ ಚೂರುಗಳನ್ನು ಎಲೆ, ಎಂಜಲುಗಳೊಡನೆ ಗುಂಡಿಯಲ್ಲಿ ಮುಚ್ಚಿದರೆ ಗಾಳಿಯಿಲ್ಲದ ಕಡೆ ಬದುಕುವ ಸೂಕ್ಷ್ಮಜೀವಿಗಳು ಅದರ ಗಂಧಕವನ್ನು ಕೊಳೆತ ಮೊಟ್ಟೆಯ ನಾತದ ವಿಷವಾಯುವನ್ನಾಗಿ ಮಾರ್ಪಡಿಸುತ್ತವೆ. ಆದಕಾರಣ ಅದನ್ನು ಬೇರೆಯಾಗಿಯೇ ಇರಿಸಬೇಕು.

ಸರಕಾರವೂ ಕಣ್ಣು ಮುಚ್ಚಿ ಕುಳಿತಿಲ್ಲ. ಕಟ್ಟಡದ ತ್ಯಾಜ್ಯಕ್ಕೆಂದೇ 2016ರಲ್ಲಿ ಕೇಂದ್ರದ ನಿಯಮಗಳು ಬಂದವು. ದಿನಕ್ಕೆ 20 ಟನ್ನು ಅಥವಾ ತಿಂಗಳಿಗೆ 300 ಟನ್ನು ಮೀರಿ ತ್ಯಾಜ್ಯ ಮಾಡುವವರು ಕಾಂಕ್ರೀಟು, ಮಣ್ಣು, ಉಕ್ಕು ಮರ ಪ್ಲಾಸ್ಟಿಕ್ಕು, ಇಟ್ಟಿಗೆ ಗಾರೆ ಎಂದು ನಾಲ್ಕಾಗಿ ವಿಂಗಡಿಸಬೇಕೆಂದು ಅಲ್ಲಿ ವಿಧಿಯಿತ್ತು. 2025ರಲ್ಲಿ ಹೊಸ ನಿಯಮಗಳು ಪ್ರಕಟವಾದವು. ದೆಹಲಿಯ ಬುರಾಡಿಯಲ್ಲಿ 2009ರಿಂದಲೇ ಇಂಥ ರಾಶಿಯನ್ನು ಪುಡಿಮಾಡಿ ಮತ್ತೆ ಬಳಕೆಗೆ ತರುವ ಕಾರ್ಖಾನೆ ನಡೆಯಿತು. ಆದರೆ ಊರೊಂದರ ಶಾಲೆಯ ಎರಡು ಟ್ರಾಕ್ಟರು ಗಾರೆ ಇಪ್ಪತ್ತು ಟನ್ನಿನ ವಿಧಿಗೆ ಸಿಕ್ಕುವುದಿಲ್ಲ, ಬುರಾಡಿಗೆ ಹೋಗುವುದೂ ಇಲ್ಲ. ಅದಕ್ಕೆ ಊರಿನ ಬಾವಿಯೇ ಗತಿ.

ಹೊಸ ಕೊಠಡಿಗಳ ಹೊರಗೋಡೆಯ ವಿಚಾರ ಬಂದಾಗ ಸಮಿತಿಯಲ್ಲಿ ಜಟಾಪಟಿಯೇ ಆಯಿತು. ಇಟ್ಟಿಗೆಯನ್ನು ಒಪ್ಪವಾಗಿ ಕಟ್ಟಿ, ಸಂದುಗಳನ್ನು ಮಾತ್ರ ತುಂಬಿ, ಗಿಲಾವು ಮಾಡದೆ ಬಿಡೋಣವೆಂಬುದು ಮೇಸ್ತ್ರಿಯವರ ಸಲಹೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ಪ್ರೊಫೆಸರ್ ಕೆ. ಎಸ್. ಜಗದೀಶರು ಮೊದಲಾದವರು ಒತ್ತುಮಣ್ಣಿನ ಇಟ್ಟಿಗೆಯ ಮನೆಗಳನ್ನು ಗಿಲಾವಿಲ್ಲದೆಯೇ ಚೆಲುವಾಗಿ ನಿಲ್ಲಿಸಬಹುದೆಂದು ತೋರಿಸಿದ್ದನ್ನೂ, ಕೇರಳದಲ್ಲಿ ಲಾರಿ ಬೇಕರರು ಜೀವಮಾನವೆಲ್ಲ ಅದನ್ನೇ ಸಾಧಿಸಿದ್ದನ್ನೂ ವಿಜ್ಞಾನದ ಉಪಾಧ್ಯಾಯರೊಬ್ಬರು ಸಭೆಗೆ ತಿಳಿಸಿದರು. ದಾನಿಗಳಲ್ಲಿ ಹಿರಿಯರೊಬ್ಬರು ಮಾತ್ರ ಒಪ್ಪಲಿಲ್ಲ. ತಮ್ಮ ತಾಯಿಯ ಹೆಸರಿನ ಕೊಠಡಿ ಅರೆಬೆತ್ತಲೆ ನಿಲ್ಲುವುದೇ, ಕಂಡವರು ಹಣ ಸಾಲಲಿಲ್ಲವೆಂದು ಆಡಿಕೊಳ್ಳರೇ ಎಂಬುದು ಅವರ ಆಕ್ಷೇಪ. ಆ ಮಾತನ್ನು ಹಗುರವಾಗಿ ಕಾಣಲಾಗದು. ಮಣ್ಣಿನ ಮನೆಯಲ್ಲಿ ಹುಟ್ಟಿ, ನಯವಾದ ಗೋಡೆಯನ್ನೇ ಏಳಿಗೆಯ ಗುರುತೆಂದು ಕಂಡ ತಲೆಮಾರಿನ ಅಂತಃಕರಣ ಅದರಲ್ಲಿದೆ. ಮೇಸ್ತ್ರಿಯವರು ವಾದಿಸದೆ ಒಂದು ಮೂಲೆಯ ಗೋಡೆಯನ್ನು ಮೂರು ದಿನ ಹಿಡಿದು ಕಟ್ಟಿ, ಸಂದು ತೀಡಿ, ತೊಳೆದು ತೋರಿಸಿದರು. ಹಿರಿಯರು ಅದರ ಮೇಲೆ ಅಂಗೈಯಾಡಿಸಿ ಬಹಳ ಹೊತ್ತು ನಿಂತರು. ಕೊನೆಗೆ, ಹೊರಗೋಡೆ ಹೀಗೆಯೇ ಇರಲಿ, ತಾಯಿಯ ಹೆಸರಿನ ಕಲ್ಲಿನ ಸುತ್ತ ಮಾತ್ರ ಒಂದು ಗೇಣು ಸುಣ್ಣದ ಗಾರೆ ಮಾಡಿಕೊಡಿ ಎಂದರು. ಉಳಿದ ಮೂಟೆಗಳು ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋದುವು.

ಹಳೆಯ ಕಟ್ಟಡದ ಗೋಡೆಗೆ ಎದೆಮಟ್ಟದವರೆಗೆ ಸುಣ್ಣದ ಗಾರೆಯೇ ಮರಳಿ ಬಂದಿತು. ಗಾಣವಿಲ್ಲ, ಎತ್ತಿಲ್ಲ, ಯಂತ್ರದಲ್ಲಿ ಅರೆಯಬೇಕಾಯಿತು. ಕಲಿಯಲು ಇಬ್ಬರು ತರುಣರು ಬಂದರು, ಒಬ್ಬ ನಿಂತ. ಬಾವಿಯ ವಿಚಾರವನ್ನು ಎತ್ತಿದವರೂ ಮೇಸ್ತ್ರಿಯವರೇ. ಅದರಲ್ಲಿ ತುಂಬಿರುವುದು ತಮ್ಮ ತಂದೆಯ ಕೈಯ ಗಾರೆ ಎಂಬುದು ಅವರಿಗೆ ಗೊತ್ತಿತ್ತು. ಆ ಶಾಲೆಯ ಮೊದಲ ಕೊಠಡಿಗಳಿಗೆ ಗಾರೆ ಅರೆದವರು ಅವರ ತಂದೆ. ಅದನ್ನು ಅವರು ಸಮಿತಿಯ ಮುಂದೆ ಒಮ್ಮೆಯೂ ಹೇಳಿರಲಿಲ್ಲ, ಆ ತರುಣನಿಗೆ ಮಾತ್ರ ಹೇಳಿದ್ದರು. ರಜೆಯ ದಿನಗಳಲ್ಲಿ ರಾಶಿಯನ್ನು ಮೇಲೆತ್ತಿ ಜರಡಿ ಹಿಡಿಯುವ ಕೆಲಸ ನಡೆಯಿತು. ಇಟ್ಟಿಗೆಯ ಚೂರು, ಸುಣ್ಣದ ಹೆಂಟೆಗಳನ್ನು ಕುಟ್ಟಿ, ಹೊಸ ಸುಣ್ಣ ಕೂಡಿಸಿ ಜಗಲಿಯ ನೆಲದಡಿಗೆ ಹಾಸಿದರು. ಸಿಮೆಂಟಿನ ಹಲಗೆಗಳು ಆಟದ ಬಯಲಿನ ತಗ್ಗಿಗೆ ಹೋದುವು. ಮೂರಾಳುದ್ದ ತೆಗೆದಾಗಿದೆ. ಕೆಳಗಿನ ಕಲ್ಲುಕಟ್ಟಡದ ಸುತ್ತು ಕಾಣಿಸಿಕೊಂಡಿದೆ, ನೀರು ಇನ್ನೂ ಕಂಡಿಲ್ಲ. ಮೇಸ್ತ್ರಿಯವರು ಈಗ ಕೆಲಸಕ್ಕೆ ಬರಲಾರರು. ಆ ತರುಣ ಸಂಜೆ ಊರಿಗೆ ಮರಳಿದಾಗ ಜಗಲಿಯ ಮೇಲಿಂದಲೇ ಅವನನ್ನು ಕೂಗಿ, ಎಷ್ಟು ಮೆಟ್ಟಿಲು ಕಂಡವೆಂದು ಕೇಳುತ್ತಾರೆ.